3.5 ಕೋಟಿ ಡಾಲರ್‌ನಿಂದ 7,000 ಕೋಟಿಗೆ: ಮಿಲೆನಿಯಮ್ ಬೆಳೆದ ಬಗೆ

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿದ್ದೇನೆ. ಮಗಳಿಗೆ ಬೆಂಗಳೂರಿನಲ್ಲಿ ಮಿಲೆನಿಯಮ್ ಎಂಬ ಅಮೆರಿಕದ ಹೆಡ್ಜ್ ಫಂಡ್ ಕಂಪನಿಯಿಂದ ಆಫರ್ ಬಂದಿದೆ. 1989ರಲ್ಲಿ 3.5 ಕೋಟಿ ಡಾಲರ್ ಇಟ್ಟುಕೊಂಡು ಶುರುವಾದ ಕಂಪನಿ ಈಗ 7,000 ಕೋಟಿ ಡಾಲರ್ ದಾಟಿದೆ ಎಂದು ಓದಿದೆ. ಎರಡು ಸಾವಿರ ಪಟ್ಟು! ಇಷ್ಟೊಂದು ಲಾಭ ಎಲ್ಲಿಂದ ಬರುತ್ತದೆ? ಇದು ಸಟ್ಟಾ ವ್ಯವಹಾರವೇ? ನಮ್ಮಂಥವರು ಅದರಲ್ಲಿ ಹಣ ಹಾಕಬಹುದೇ? ಮಗಳು ಆಫರ್ ಒಪ್ಪಿಕೊಳ್ಳುವ ಮೊದಲು ಏನೇನು ವಿಚಾರಿಸಬೇಕು?

ಉತ್ತರ: ಹೆಡ್ಜ್ ಫಂಡ್ ಎಂದರೆ ಸಿರಿವಂತರಿಂದ, ದೊಡ್ಡ ಸಂಸ್ಥೆಗಳಿಂದ ಹಣ ಪಡೆದು ಪೇಟೆ ಏರಿದರೂ ಇಳಿದರೂ ಲಾಭ ಮಾಡಲು ಯತ್ನಿಸುವ ಖಾಸಗಿ ಫಂಡ್. ಮೊದಲು ಆ ಎರಡು ಸಾವಿರ ಪಟ್ಟಿನ ಲೆಕ್ಕ ಬಿಡಿಸೋಣ, ಏಕೆಂದರೆ ತುಂಬ ಜನ ದಾರಿ ತಪ್ಪುವುದು ಅಲ್ಲಿಯೇ. ಖರ್ಚು, ಶುಲ್ಕ ಎಲ್ಲ ಕಳೆದು ಮಿಲೆನಿಯಮ್ ತನ್ನ ಹೂಡಿಕೆದಾರರಿಗೆ ಇಲ್ಲಿಯವರೆಗೆ ಕೊಟ್ಟಿರುವ ಲಾಭ ವರ್ಷಕ್ಕೆ ಸರಾಸರಿ ಶೇ 14ರ ಆಸುಪಾಸು. ನೀವು ಬ್ಯಾಂಕಿನಲ್ಲಿದ್ದವರು, ಚಕ್ರಬಡ್ಡಿ ಹಾಕಿ ನೋಡಿ: 3.5 ಕೋಟಿ ಡಾಲರ್ ಶೇ 14ರಂತೆ 35 ವರ್ಷ ಬೆಳೆದರೆ ಆಗುವುದು 343 ಕೋಟಿ ಡಾಲರ್. 98 ಪಟ್ಟು. ಈಗಿರುವ ಗಂಟಿನ ಇಪ್ಪತ್ತನೇ ಒಂದು ಪಾಲೂ ಅದಲ್ಲ. ಉಳಿದದ್ದೆಲ್ಲ ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿನಿಧಿಗಳು, ಸಿರಿವಂತ ಕುಟುಂಬಗಳು ದಾರಿಯುದ್ದಕ್ಕೂ ತಂದು ಹಾಕಿದ ಹೊಸ ಬಂಡವಾಳ ಮತ್ತು ಅದರ ಮೇಲಿನ ಗಳಿಕೆ.

ವರ್ಷಕ್ಕೆ ಶೇ 14 ಎಂಬುದು ಕೇಳರಿಯದ ಸಂಗತಿಯಲ್ಲ. ದೀರ್ಘ ಅವಧಿಯಲ್ಲಿ ನಮ್ಮ ಒಳ್ಳೆಯ ಈಕ್ವಿಟಿ ಮ್ಯೂಚುವಲ್ ಫಂಡ್‌ಗಳೂ ರೂಪಾಯಿ ಲೆಕ್ಕದಲ್ಲಿ ಅಷ್ಟು ಕೊಟ್ಟಿವೆ. ಅಪರೂಪದ್ದು ಬೇರೆ ಇದೆ. ಮಿಲೆನಿಯಮ್ ಮೂರೂವರೆ ದಶಕದಲ್ಲಿ ನಷ್ಟ ತೋರಿಸಿದ್ದು ಒಂದೇ ವರ್ಷ, 2008ರಲ್ಲಿ. ಅದೂ ಸುಮಾರು ಶೇ 3. ಅದೇ ವರ್ಷ ಅಮೆರಿಕದ ಷೇರುಪೇಟೆ ಸೂಚ್ಯಂಕ ಶೇ 35ಕ್ಕೂ ಹೆಚ್ಚು ಕುಸಿದಿತ್ತು. ಪ್ರತಿ ತಿಂಗಳೂ ಲಕ್ಷಾಂತರ ಜನರಿಗೆ ಪಿಂಚಣಿ ಕೊಡಬೇಕಾದ ಸಂಸ್ಥೆಗೆ ಒಂದು ವರ್ಷ ಶೇ 40 ಬಂದು ಮರುವರ್ಷ ಶೇ 30 ಹೋಗುವ ಹೂಡಿಕೆ ಬೇಡ. ಪೇಟೆ ಬಿದ್ದಾಗಲೂ ನಿಲ್ಲುವ ಹೂಡಿಕೆ ಬೇಕು. ಮಿಲೆನಿಯಮ್ ಮಾರುವುದು ಆ ಸ್ಥಿರತೆಯನ್ನು. ಅದು ಬೆಳೆದದ್ದು ನಷ್ಟಕ್ಕೆ ಕಡಿವಾಣ ಹಾಕುವ ವ್ಯವಸ್ಥೆಯೊಂದನ್ನು ಕಟ್ಟಿ, ಅದನ್ನು ಯಾರ ಮುಲಾಜಿಗೂ ಸಡಿಲಿಸದೆ ನಡೆಸಿಕೊಂಡು ಬಂದದ್ದರಿಂದ. ಮುಂದಿನದನ್ನೆಲ್ಲ ಆ ದೃಷ್ಟಿಯಿಂದಲೇ ನೋಡಿ.

ಸ್ಥಾಪಕ ಇಸ್ರೇಲ್ ಎಂಗ್ಲ್ಯಾಂಡರ್. ಪೇಟೆಯಲ್ಲಿ ಎಲ್ಲರೂ ಕರೆಯುವುದು ಇಜ್ಜಿ ಎಂದು. 1948ರಲ್ಲಿ ಹುಟ್ಟಿದವರು, ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ತಾಯಿ ಪೋಲೆಂಡಿನಿಂದ ವಲಸೆ ಬಂದ ಯಹೂದಿಗಳು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಫೈನಾನ್ಸ್ ಓದಿ 1970ರಲ್ಲಿ ಪದವಿ ಪಡೆದರು. 1977ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಸ್ವಂತ ಬ್ರೋಕರೇಜ್ ತೆರೆದರು. ಆ ಕಾಲದಲ್ಲಿ ಆಪ್ಷನ್ಸ್ (ನಿಗದಿತ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಕರಾರು) ವ್ಯಾಪಾರ ನಡೆಯುತ್ತಿದ್ದುದು ಕಟ್ಟೆಯ ಮೇಲೆ ನಿಂತು ಕೂಗಿ, ಕೈಸನ್ನೆ ಮಾಡಿ. ಅಲ್ಲಿ ಒಂದು ಪೈಸೆ ಎರಡು ಪೈಸೆಯ ಅಂತರ ಹಿಡಿದು ದಿನವಿಡೀ ವ್ಯಾಪಾರ ಮಾಡಿದವರಿಗೆ ಒಂದು ಅಭ್ಯಾಸ ಬೀಳುತ್ತದೆ: ಸಣ್ಣ ಲಾಭ ಸಾಕು, ನಷ್ಟ ಮಾತ್ರ ಬೆಳೆಯಬಾರದು. ಮಿಲೆನಿಯಮ್‌ನ ಸ್ವಭಾವ ಅರ್ಥವಾಗಬೇಕಾದರೆ ಈ ಹಿನ್ನೆಲೆಯನ್ನು ಮರೆಯಬಾರದು.

1985ರಲ್ಲಿ ಜಾನ್ ಮಲ್ಹೆರೆನ್ ಎಂಬ ಹೆಸರಾಂತ ಟ್ರೇಡರ್ ಜೊತೆ ಸೇರಿ ಜೇಮಿ ಸೆಕ್ಯೂರಿಟೀಸ್ ಎಂಬ ಸಂಸ್ಥೆಯನ್ನು ನಡೆಸಿದರು. ಕಂಪನಿಗಳು ಒಂದನ್ನೊಂದು ಕೊಳ್ಳುವಾಗ ಷೇರು ಬೆಲೆಯಲ್ಲಿ ಉಳಿಯುವ ಅಂತರದ ಮೇಲೆ ದುಡ್ಡು ಮಾಡುವುದು ಅದರ ಕಸುಬು. 1988ರಲ್ಲಿ ಮಲ್ಹೆರೆನ್ ಬಂಧನಕ್ಕೊಳಗಾದರು. 1990ರಲ್ಲಿ ಷೇರು ವ್ಯವಹಾರದ ಪ್ರಕರಣವೊಂದರಲ್ಲಿ ಅಪರಾಧಿ ಎಂದು ತೀರ್ಪು ಬಂತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಎಂಗ್ಲ್ಯಾಂಡರ್ ಮೇಲೆ ಯಾವ ಆರೋಪವೂ ಇರಲಿಲ್ಲ. ಆದರೆ ಅಷ್ಟರೊಳಗೆ ಸಂಸ್ಥೆ ಮುಗಿದಿತ್ತು. ಒಬ್ಬನೇ ದೊಡ್ಡ ಟ್ರೇಡರ್ ಮೇಲೆ ನಿಂತ ಸಂಸ್ಥೆ ಅವನ ಜೊತೆಗೇ ಬೀಳುತ್ತದೆ.

1989ರಲ್ಲಿ ಮಿಲೆನಿಯಮ್ ಶುರುವಾದಾಗ ಎಂಗ್ಲ್ಯಾಂಡರ್ ಜೊತೆ ರೊನಾಲ್ಡ್ ಶಿಯರ್ ಎಂಬ ಪಾಲುದಾರರಿದ್ದರು. ಆರಂಭದ ತಿಂಗಳುಗಳಲ್ಲೇ ನಷ್ಟವಾಗಿ ಶಿಯರ್ ಹೊರನಡೆದರು. ಎಂಗ್ಲ್ಯಾಂಡರ್ ಒಬ್ಬರೇ ಮುಂದುವರಿಸಿದರು, ಆದರೆ ತಾವೇ ಎಲ್ಲ ತೀರ್ಮಾನ ಮಾಡುವ ದಾರಿ ಹಿಡಿಯಲಿಲ್ಲ. ಬಂಡವಾಳವನ್ನು ಹಲವು ಟ್ರೇಡರ್‌ಗಳಿಗೆ ಹಂಚಿ, ಒಬ್ಬರ ಹಂಗು ಇನ್ನೊಬ್ಬರಿಗಿಲ್ಲದಂತೆ ವ್ಯಾಪಾರ ಮಾಡಲು ಬಿಟ್ಟರು. ಇವತ್ತು ಇಡೀ ಉದ್ಯಮ ‘ಪಾಡ್’ ಎಂದು ಕರೆಯುವುದು ಇದನ್ನೇ: ಒಬ್ಬ ಪೋರ್ಟ್‌ಫೋಲಿಯೊ ಮ್ಯಾನೇಜರ್, ಅವರ ಕೈಕೆಳಗೆ ಮೂರೋ ನಾಲ್ಕೋ ಅನಲಿಸ್ಟ್‌ಗಳು, ಒಂದಿಬ್ಬರು ಪ್ರೋಗ್ರಾಮರ್‌ಗಳು. ಮಿಲೆನಿಯಮ್‌ನಲ್ಲಿ ಈಗ ಇಂಥ 300ಕ್ಕೂ ಹೆಚ್ಚು ತಂಡಗಳಿವೆ, ಒಟ್ಟು ಸಿಬ್ಬಂದಿ 6,000 ದಾಟಿದೆ.

ಒಂದು ಪಾಡ್ ದಿನನಿತ್ಯ ಮಾಡುವುದೇನು? ಒಂದು ಕಾಲ್ಪನಿಕ ಉದಾಹರಣೆ. ಇನ್ಫೊಸಿಸ್ ಮತ್ತು ವಿಪ್ರೊ ಎರಡರ ಷೇರುಗಳೂ ನ್ಯೂಯಾರ್ಕಿನಲ್ಲಿ ಎಡಿಆರ್ (ವಿದೇಶಿ ಷೇರನ್ನು ಪ್ರತಿನಿಧಿಸುವ ಪತ್ರ) ರೂಪದಲ್ಲಿ ವಹಿವಾಟಾಗುತ್ತವೆ. ಮುಂದಿನ ಮೂರು ತಿಂಗಳಲ್ಲಿ ಇನ್ಫೊಸಿಸ್‌ಗೆ ವಿಪ್ರೊಗಿಂತ ಹೆಚ್ಚು ಆರ್ಡರ್ ಬರುತ್ತದೆ ಎಂದು ಮ್ಯಾನೇಜರ್ ಲೆಕ್ಕ ಹಾಕಿದರು ಎನ್ನೋಣ. 1 ಕೋಟಿ ಡಾಲರ್‌ಗೆ ಇನ್ಫೊಸಿಸ್ ಕೊಂಡರು. ಅಷ್ಟೇ ಮೊತ್ತದ ವಿಪ್ರೊ ಷೇರನ್ನು ಬ್ರೋಕರ್‌ನಿಂದ ಸಾಲ ಪಡೆದು ಮಾರಿದರು, ಅಂದರೆ ಶಾರ್ಟ್ ಮಾಡಿದರು. ಆಮೇಲೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತದ ಭಯ ಹಬ್ಬಿ ಐಟಿ ಷೇರುಗಳೆಲ್ಲ ಇಳಿದವು: ಇನ್ಫೊಸಿಸ್ ಶೇ 4, ವಿಪ್ರೊ ಶೇ 7. ಕೊಂಡದ್ದರಲ್ಲಿ 4 ಲಕ್ಷ ಡಾಲರ್ ನಷ್ಟ, ಮಾರಿದ್ದರಲ್ಲಿ 7 ಲಕ್ಷ ಲಾಭ. ಪೇಟೆ ಮುಗ್ಗರಿಸಿದ ವಾರದಲ್ಲಿ ಪಾಡ್‌ಗೆ 3 ಲಕ್ಷ ಡಾಲರ್ ಉಳಿಯಿತು. ಅದರಲ್ಲಿ ಷೇರು ಸಾಲದ ಬಾಡಿಗೆ ಮತ್ತು ಬ್ರೋಕರೇಜ್ ಕಳೆಯಬೇಕು. ಪೇಟೆ ಏರಲಿ ಇಳಿಯಲಿ, ಎರಡು ಕಂಪನಿಗಳ ನಡುವಿನ ವ್ಯತ್ಯಾಸ ಸರಿಯಾಗಿ ಊಹಿಸಿದರೆ ಸಾಕು. ಇದು ಷೇರಿನ ಪಾಡ್. ಬಾಂಡ್, ಕರೆನ್ಸಿ, ನೈಸರ್ಗಿಕ ಅನಿಲ, ಕಂಪ್ಯೂಟರ್ ಮಾದರಿಗಳ ಮೇಲೆ ನಡೆಯುವ ಕ್ವಾಂಟ್ ವ್ಯಾಪಾರ, ಹೀಗೆ ಬೇರೆ ಬೇರೆ ಪಾಡ್‌ಗಳಿವೆ.

ಸಟ್ಟಾ ಎಂದು ಕೇಳಿದ್ದೀರಿ. ಊಹೆ ಇಲ್ಲಿಯೂ ಇದೆ, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಸಟ್ಟಾದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ: ಟ್ರೇಡರ್‌ನನ್ನು ಪ್ರತಿ ಸಂಜೆ ಅಳೆಯುವ ಪ್ರತ್ಯೇಕ ರಿಸ್ಕ್ ವಿಭಾಗ. ಕೊಂಡದ್ದೂ ಶಾರ್ಟ್ ಮಾಡಿದ್ದೂ ಸಮತೂಕದಲ್ಲಿವೆಯೇ, ಒಂದೇ ವಲಯಕ್ಕೆ ಹೆಚ್ಚು ವಾಲಿದೆಯೇ, ಸಣ್ಣ ಕಂಪನಿಗಳ ಕಡೆಗೋ ಇತ್ತೀಚೆಗೆ ಏರಿದ ಷೇರುಗಳ ಕಡೆಗೋ ಜಗ್ಗಿದೆಯೇ, ಬೇಕೆಂದಾಗ ಎಷ್ಟು ದಿನದಲ್ಲಿ ಎಲ್ಲವನ್ನೂ ಬಿಡಿಸಿಕೊಳ್ಳಬಹುದು, ಇವೆಲ್ಲಕ್ಕೂ ಮಿತಿ ಉಂಟು. ಮಿತಿ ಮೀರಿದರೆ ಇಳಿಸಲೇಬೇಕು, ವಾದಕ್ಕೆ ಅವಕಾಶವಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ನಷ್ಟದ ಮಿತಿ. ವಾಲ್ ಸ್ಟ್ರೀಟಿನಲ್ಲಿ ಎಲ್ಲರ ಬಾಯಲ್ಲಿರುವ ಮಿಲೆನಿಯಮ್ ನಿಯಮ ಇದು: ಕೊಟ್ಟ ಬಂಡವಾಳದ ಶೇ 5 ಕಳೆದರೆ ಬಂಡವಾಳ ಅರ್ಧಕ್ಕೆ ಇಳಿಯುತ್ತದೆ, ಶೇ 7.5 ಕಳೆದರೆ ತಂಡ ಮನೆಗೆ. ಕೇಳಲು ಸರಳ, ಆದರೆ ಲೆಕ್ಕ ಹಾಕಿದಾಗ ಇದರ ಬಿಗಿ ಕಾಣುತ್ತದೆ. 50 ಕೋಟಿ ಡಾಲರ್ ಪಡೆದ ಪಾಡ್ 2.5 ಕೋಟಿ ಕಳೆಯಿತು. ಬಂಡವಾಳ ಅರ್ಧವಾಗದಿದ್ದರೆ ಉಳಿದ 47.5 ಕೋಟಿಯ ಮೇಲೆ ಶೇ 5.3 ಗಳಿಸಿದರೆ ಕಳೆದದ್ದು ವಾಪಸ್. ಈಗ ಕೈಯಲ್ಲಿ ಉಳಿದದ್ದು 25 ಕೋಟಿ, ಅದೇ 2.5 ಕೋಟಿ ದುಡಿಯಲು ಶೇ 10 ಗಳಿಸಬೇಕು. ಇನ್ನು 1.25 ಕೋಟಿ ಹೋದರೆ ಆಟ ಮುಗಿಯಿತು. ಹಿಂದಿನ ನಷ್ಟ ತುಂಬುವವರೆಗೆ ಬೋನಸ್ಸೂ ಇಲ್ಲ. ಅನಲಿಸ್ಟ್‌ಗಳು ಆಗಲೇ ಬೇರೆಡೆ ಕೆಲಸ ಹುಡುಕತೊಡಗಿರುತ್ತಾರೆ. ಹಾಗಾಗಿ ಒಮ್ಮೆ ಅರ್ಧವಾದ ಪಾಡ್ ಚೇತರಿಸಿಕೊಳ್ಳುವುದು ಕಷ್ಟ. ಒಳ್ಳೆಯ ಮ್ಯಾನೇಜರ್‌ಗಳೂ ದುರದೃಷ್ಟದ ಎರಡು ತಿಂಗಳಿಗೆ ಬಲಿಯಾಗುತ್ತಾರೆ. ಕಂಪನಿಗೆ ಇದು ಗೊತ್ತು. ಗೊತ್ತಿದ್ದೇ ನಿಯಮ ಇಟ್ಟುಕೊಂಡಿದೆ, ಏಕೆಂದರೆ ಒಬ್ಬ ಪ್ರತಿಭಾವಂತನನ್ನು ಬೇಗ ಕಳೆದುಕೊಳ್ಳುವ ನಷ್ಟಕ್ಕಿಂತ ಒಬ್ಬ ಹಟಮಾರಿಯನ್ನು ತಡವಾಗಿ ಕಳಿಸುವ ನಷ್ಟ ದೊಡ್ಡದು ಎಂಬುದು ಅದರ ತೀರ್ಮಾನ. ಈ ತೀರ್ಮಾನ ಸರಿಯೆಂದೇ ನಾವು ಭಾವಿಸುತ್ತೇವೆ. 50 ಕೋಟಿಯ ತಂಡ ಪೂರ್ತಿ ಮುಳುಗಿದರೂ ಹೋಗುವುದು 3.75 ಕೋಟಿ, ಹಟ ಹಿಡಿದವನು ಎಷ್ಟು ಕಳೆಯುತ್ತಾನೆಂಬುದಕ್ಕೆ ಮೇಲ್ಮಿತಿಯೇ ಇಲ್ಲ.

ಇಷ್ಟಕ್ಕೇ ಸ್ಥಿರತೆ ಬರುವುದಿಲ್ಲ. ಮುಂದಿನ ಲೆಕ್ಕವೇ ಇಡೀ ಕಟ್ಟಡದ ಅಡಿಪಾಯ. ಪ್ರತಿ ಪಾಡ್‌ನ ಫಲಿತಾಂಶದಲ್ಲಿ ವರ್ಷಕ್ಕೆ ಶೇ 5ರಷ್ಟು ಏರಿಳಿತ ಇದೆ ಎಂದುಕೊಳ್ಳಿ. 300 ಪಾಡ್‌ಗಳ ಲಾಭ ನಷ್ಟಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಒಟ್ಟು ಏರಿಳಿತ 5ನ್ನು 300ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಶೇ 0.29. ಬಹುತೇಕ ಬ್ಯಾಂಕ್ ಠೇವಣಿಯಷ್ಟು ನಿಶ್ಚಲ. ಆದರೆ ಅವುಗಳ ನಡುವೆ ಸರಾಸರಿ 0.05ರಷ್ಟು ಅತ್ಯಲ್ಪ ಕೋರಿಲೇಷನ್ (ಒಟ್ಟಿಗೆ ಏರಿಳಿಯುವ ಒಲವು; 0 ಎಂದರೆ ಸಂಬಂಧವಿಲ್ಲ, 1 ಎಂದರೆ ಪೂರ್ತಿ ಜೊತೆಜೊತೆ) ಇದೆ ಎಂದಿಟ್ಟುಕೊಳ್ಳಿ; ಒಟ್ಟು ಏರಿಳಿತ ಶೇ 1.15ಕ್ಕೆ ಜಿಗಿಯುತ್ತದೆ, ನಾಲ್ಕು ಪಟ್ಟು. ಪಾಡ್‌ಗಳನ್ನು 300ರಿಂದ 1,000ಕ್ಕೆ ಏರಿಸಿದರೂ ಅದು 1.13ಕ್ಕಿಂತ ಕೆಳಗೆ ಬರುವುದಿಲ್ಲ. ಅಂದರೆ ಒಂದು ಹಂತದ ನಂತರ ತಂಡಗಳ ಸಂಖ್ಯೆ ಹೆಚ್ಚಿಸುವುದರಿಂದ ಉಪಯೋಗವಿಲ್ಲ, ಅವು ಒಂದೇ ಕಡೆ ವಾಲದಂತೆ ನೋಡಿಕೊಳ್ಳುವುದೇ ಮುಖ್ಯ. ಕೊಂಡದ್ದಕ್ಕೆ ಸರಿಯಾಗಿ ಶಾರ್ಟ್ ಇರಬೇಕು, ವಲಯದ ಮಿತಿ ಮೀರಬಾರದು ಎಂದೆಲ್ಲ ರಿಸ್ಕ್ ವಿಭಾಗ ಪಟ್ಟು ಹಿಡಿಯುವುದು ಈ 0.05 ಎಂಬುದು 0.10 ಆಗದಿರಲಿ ಎಂದು.

ಏರಿಳಿತ ಇಷ್ಟು ಕಡಿಮೆ ಇದ್ದರೆ ಲಾಭವೂ ಕಡಿಮೆಯೇ. ಪಾಡ್‌ಗಳ ಒಟ್ಟು ವಹಿವಾಟಿನ ಮೇಲೆ ಬರುವುದು ಶೇ 2ರಿಂದ 3 ಇರಬಹುದು. ಅದನ್ನು ಶೇ 14 ಮಾಡುವುದು ಸಾಲ. ಗೋಲ್ಡ್‌ಮನ್ ಸ್ಯಾಕ್ಸ್, ಮಾರ್ಗನ್ ಸ್ಟ್ಯಾನ್ಲಿಯಂಥ ಬ್ಯಾಂಕುಗಳ ಪ್ರೈಮ್ ಬ್ರೋಕರ್ ವಿಭಾಗಗಳಿಂದ ಹಣವನ್ನೂ ಷೇರನ್ನೂ ಸಾಲ ಪಡೆದು ಹೂಡಿಕೆದಾರರ ಬಂಡವಾಳದ ಹಲವು ಪಟ್ಟು ವಹಿವಾಟು ಕಟ್ಟುತ್ತಾರೆ. ಮೇಲಿನ ಉದಾಹರಣೆಯನ್ನೇ ಆರು ಪಟ್ಟು ಮಾಡಿದರೆ ಶೇ 2.5ರ ಗಳಿಕೆ ಶೇ 15 ಆಗುತ್ತದೆ, ಶೇ 1.15ರ ಏರಿಳಿತ ಶೇ 7 ಆಗುತ್ತದೆ. ಇನ್ನೂ ಸಹ್ಯ. ಈ ಲೆಕ್ಕ ಕೈಕೊಡುವುದು ಕೋರಿಲೇಷನ್ ಏಕಾಏಕಿ ಏರಿದಾಗ.

ಅದು ಏರುವುದು ಹೀಗೆ. ಮಿಲೆನಿಯಮ್ ಮತ್ತು ಅದರ ಪ್ರತಿಸ್ಪರ್ಧಿ ಹೆಡ್ಜ್ ಫಂಡ್‌ಗಳಾದ ಸಿಟಾಡೆಲ್, ಪಾಯಿಂಟ್72, ಬಾಲ್ಯಾಸ್ನಿ ಎಲ್ಲರೂ ಒಂದೇ ಬಗೆಯ ಪಾಡ್ ನಡೆಸುತ್ತಾರೆ, ಒಬ್ಬರಿಂದ ಒಬ್ಬರು ಅದೇ ಜನರನ್ನು ಎಳೆದುಕೊಳ್ಳುತ್ತಾರೆ. ಸಹಜವಾಗಿ ಒಂದೇ ಷೇರುಗಳನ್ನು ಕೊಂಡಿರುತ್ತಾರೆ, ಒಂದೇ ಷೇರುಗಳನ್ನು ಶಾರ್ಟ್ ಮಾಡಿರುತ್ತಾರೆ. ಎಲ್ಲೋ ಒಂದು ಪಾಡ್ ನಷ್ಟದ ಮಿತಿ ಮುಟ್ಟಿ ಎಲ್ಲವನ್ನೂ ಬಿಡಿಸಿಕೊಳ್ಳುತ್ತದೆ. ಅದರಿಂದ ಕೊಂಡ ಷೇರು ಇಳಿಯುತ್ತದೆ, ಶಾರ್ಟ್ ಆದದ್ದು ಏರುತ್ತದೆ. ಪಕ್ಕದ ಕಂಪನಿಯ ಪಾಡ್ ಮಿತಿ ಮುಟ್ಟುತ್ತದೆ, ಅದೂ ಬಿಡಿಸಿಕೊಳ್ಳುತ್ತದೆ. 2007ರ ಆಗಸ್ಟ್ ಎರಡನೇ ವಾರದಲ್ಲಿ ಕ್ವಾಂಟ್ ಫಂಡ್‌ಗಳಿಗೆ ಆದದ್ದು ಇದೇ. ಹೊರಗಿನ ಸೂಚ್ಯಂಕ ನೋಡಿದವರಿಗೆ ಅಂಥದ್ದೇನೂ ಕಾಣಲಿಲ್ಲ, ಒಳಗೆ ಎಲ್ಲರೂ ಒಂದೇ ಬಾಗಿಲಿಗೆ ಓಡಿದ್ದರು. 2020ರ ಮಾರ್ಚಿನಲ್ಲಿ ಅಮೆರಿಕದ ಸರ್ಕಾರಿ ಬಾಂಡ್ ಮತ್ತು ಅದರ ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಕರಾರು) ನಡುವಿನ ಅಂತರದ ಮೇಲೆ ನಿಂತ ವ್ಯಾಪಾರಗಳು ಹೀಗೆಯೇ ಕಳಚಿದವು, ಕೊನೆಗೆ ಅಮೆರಿಕದ ಕೇಂದ್ರೀಯ ಬ್ಯಾಂಕ್ ದೊಡ್ಡ ಪ್ರಮಾಣದಲ್ಲಿ ಬಾಂಡ್ ಕೊಂಡು ಪೇಟೆಯನ್ನು ನಿಲ್ಲಿಸಬೇಕಾಯಿತು. 2025ರ ಆರಂಭದಲ್ಲಿ ಮಿಲೆನಿಯಮ್‌ನ ಎರಡು ತಂಡಗಳು ಇಂಡೆಕ್ಸ್ ಮರುಹೊಂದಾಣಿಕೆಯ ವ್ಯಾಪಾರದಲ್ಲಿ ಒಟ್ಟು ಸುಮಾರು 90 ಕೋಟಿ ಡಾಲರ್ ಕಳೆದವು ಎಂದು ವರದಿಯಾಯಿತು. ಸೂಚ್ಯಂಕಕ್ಕೆ ಹೊಸ ಕಂಪನಿ ಸೇರಿದಾಗ ಇಂಡೆಕ್ಸ್ ಫಂಡ್‌ಗಳು ನಿಗದಿತ ದಿನ ಅದನ್ನು ಕೊಳ್ಳಲೇಬೇಕು. ಮೊದಲೇ ಕೊಂಡಿಟ್ಟು ಆ ದಿನ ಅವರಿಗೆ ಮಾರುವುದು ಈ ವ್ಯಾಪಾರ. ಮೊದಲೇ ಕೊಂಡಿಟ್ಟವರು ಅತಿಯಾದರೆ ಕೊನೆಗೆ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು. ಗಮನಿಸಿ: 90 ಕೋಟಿ ಎಂದರೆ 7,000 ಕೋಟಿಯಲ್ಲಿ ಶೇ 1.3. ಸಾಮಾನ್ಯ ಫಂಡ್ ಒಂದನ್ನು ಮುಗಿಸಿಬಿಡುವ ಏಟು ಇಲ್ಲಿ ಒಂದು ತಿಂಗಳ ಹಿನ್ನಡೆಯಾಗಿ ಕಳೆಯಿತು. ವ್ಯವಸ್ಥೆಯ ಬಲವೂ ಅದರ ಅಪಾಯವೂ ಆ ಒಂದೇ ಘಟನೆಯಲ್ಲಿ ಕಾಣುತ್ತವೆ.

ಬೆಳವಣಿಗೆಯ ಇನ್ನೊಂದು ತಿರುವು 2008. ಶೇ 3 ಮಾತ್ರ ಕಳೆದಿದ್ದರೂ ಹೂಡಿಕೆದಾರರು ದೊಡ್ಡ ಮೊತ್ತವನ್ನು ವಾಪಸ್ ಕೇಳಿದರು. ಬೇರೆ ಅನೇಕ ಫಂಡ್‌ಗಳು ಹಣ ಕೊಡದೆ ಬಾಗಿಲು ಹಾಕಿದ್ದವು. ನಗದು ಬೇಕಾದವರು ಎಲ್ಲಿ ಸಿಗುತ್ತದೋ ಅಲ್ಲಿಂದ ತೆಗೆಯುತ್ತಾರೆ. ಸಾಲದ ಮೇಲೆ ನಿಂತ ಸಂಸ್ಥೆಯಲ್ಲಿ 1 ಡಾಲರ್ ಬಂಡವಾಳ ಹೊರಹೋದರೆ ಆರೇಳು ಡಾಲರ್ ವಹಿವಾಟನ್ನು ಬಿಡಿಸಬೇಕು, ಅದೂ ಬೆಲೆ ಕೆಟ್ಟಿರುವಾಗ. ಆ ಪಾಠದಿಂದ ಮಿಲೆನಿಯಮ್ ಕ್ರಮೇಣ ತನ್ನ ಷರತ್ತು ಬಿಗಿ ಮಾಡಿತು. ಮೊದಲು ಒಂದು ವರ್ಷದೊಳಗೆ ಪೂರ್ತಿ ಹಣ ತೆಗೆಯಬಹುದಿತ್ತು. ಈಚಿನ ವರ್ಷಗಳಲ್ಲಿ ಹೂಡಿಕೆದಾರರನ್ನು ಸರಿಸಿರುವ ಹೊಸ ವರ್ಗದಲ್ಲಿ ಮೂರು ತಿಂಗಳಿಗೆ ಶೇ 5 ಮಾತ್ರ. ಪೂರ್ತಿ ಹೊರಬರಲು ಐದು ವರ್ಷ. ಒಪ್ಪದವರ ಹಣವನ್ನು ಹಿಂದಿರುಗಿಸಿತು. ಬೇಡಿಕೆ ಇದ್ದಾಗ ಷರತ್ತು ಬಿಗಿ ಮಾಡುವ ಈ ಜಾಣತನಕ್ಕೆ ಲಾಭದಷ್ಟೇ ಮಹತ್ವವಿದೆ ಎಂದು ನಮ್ಮ ಅಭಿಪ್ರಾಯ.

ಈಗ ಶುಲ್ಕ. ಹಳೆಯ ಹೆಡ್ಜ್ ಫಂಡ್‌ಗಳು ನಿರ್ವಹಣೆಗೆ ಶೇ 2, ಲಾಭದಲ್ಲಿ ಶೇ 20 ತೆಗೆಯುತ್ತಿದ್ದವು. ಮಿಲೆನಿಯಮ್‌ನಲ್ಲಿ ನಿಗದಿತ ಶೇ 2 ಇಲ್ಲ. ಬದಲಿಗೆ ಸಂಬಳ, ಬೋನಸ್, ಬಾಡಿಗೆ, ಡೇಟಾ, ಕಂಪ್ಯೂಟರ್, ವಕೀಲರ ಫೀಸು ಎಲ್ಲವೂ ಹೂಡಿಕೆದಾರರ ಖಾತೆಗೆ. ಅದರ ಮೇಲೆ ಲಾಭದ ಶೇ 20. 100 ಡಾಲರ್ ಹೂಡಿಕೆಯ ಮೇಲೆ ವ್ಯಾಪಾರದಲ್ಲಿ 20 ಬಂತು, ಖರ್ಚು 6 ಆಯಿತು ಎನ್ನಿ. ಉಳಿದ 14ರಲ್ಲಿ ಶೇ 20, ಅಂದರೆ 2.80 ಕಂಪನಿಗೆ. ಹೂಡಿದವರ ಕೈಗೆ 11.20. ದುಡಿದದ್ದರಲ್ಲಿ ಶೇ 44 ದಾರಿಯಲ್ಲೇ ಕರಗಿತು. ಇನ್ನೊಂದು ಒಳಸುಳಿ ಇದೆ. ಒಂದು ಪಾಡ್ 100 ಗಳಿಸಿತು, ಇನ್ನೊಂದು 80 ಕಳೆಯಿತು, ನಿವ್ವಳ 20. ಗೆದ್ದ ಮ್ಯಾನೇಜರ್‌ಗೆ ಕರಾರಿನಂತೆ ತನ್ನ ಲಾಭದ ಶೇ 20 ಕೊಡಬೇಕು, ಅದೂ 20. ಹೂಡಿಕೆದಾರರಿಗೆ ಸೊನ್ನೆ. ಸೋತವನಿಂದ ವಸೂಲಿ ಮಾಡುವಂತಿಲ್ಲ. ಇಷ್ಟಾದರೂ ಪಿಂಚಣಿ ನಿಧಿಗಳು ಸಾಲುಗಟ್ಟುತ್ತವೆ, ಏಕೆಂದರೆ ಖರ್ಚು ಕಳೆದ ಮೇಲೂ ಬಂದದ್ದು ಸ್ಥಿರವಾಗಿದೆ: 2020ರಲ್ಲಿ ಸುಮಾರು ಶೇ 26, 2022ರಲ್ಲಿ ಶೇ 12, 2023ರಲ್ಲಿ ಶೇ 10, 2024ರಲ್ಲಿ ಶೇ 15. ಷೇರೂ ಬಾಂಡೂ ಒಟ್ಟಿಗೆ ಬಿದ್ದ 2022ರಲ್ಲಿ ಶೇ 12 ಬಂದದ್ದೇ ಆಮೇಲಿನ ಜನಪ್ರಿಯತೆಗೆ ದೊಡ್ಡ ಕಾರಣ.

ಖರ್ಚನ್ನೆಲ್ಲ ಹೂಡಿಕೆದಾರರೇ ಹೊರುವುದರಿಂದ ಜನರನ್ನು ಸೆಳೆಯಲು ಮಿಲೆನಿಯಮ್ ಕೈ ಬಿಚ್ಚಿ ಖರ್ಚು ಮಾಡಬಲ್ಲದು. ಮ್ಯಾನೇಜರ್ ಕಂಪನಿ ಬಿಟ್ಟರೆ ಸಾಮಾನ್ಯವಾಗಿ ಒಂದು ವರ್ಷದವರೆಗೂ ಸಂಬಳ ಪಡೆದು ಮನೆಯಲ್ಲಿ ಕೂರಬೇಕು. ಹೊಸ ಕಂಪನಿ ಅವರಿಗಾಗಿ ಕಾಯಬೇಕು. ಹಾಗೆ ಬಂದವರು ಹಾಗೆಯೇ ಹೋಗುತ್ತಾರೆ ಕೂಡ. ಇಲ್ಲಿ ಬಾಂಡ್ ವಿಭಾಗ ಬೆಳೆಸಿದ ಮೈಕೆಲ್ ಗೆಲ್ಬ್ಯಾಂಡ್ ಹೊರಬಂದು 2018ರಲ್ಲಿ ಎಕ್ಸೋಡಸ್‌ಪಾಯಿಂಟ್ ತೆರೆದಾಗ 800 ಕೋಟಿ ಡಾಲರ್ ಕೂಡಿತು. ಸಹ ಮುಖ್ಯ ಹೂಡಿಕೆ ಅಧಿಕಾರಿಯಾಗಿದ್ದ ಬಾಬಿ ಜೈನ್ 2024ರ ಜುಲೈನಲ್ಲಿ 530 ಕೋಟಿ ಡಾಲರ್‌ನೊಂದಿಗೆ ಜೈನ್ ಗ್ಲೋಬಲ್ ಶುರು ಮಾಡಿದರು. ಇಗೊರ್ ತುಲ್ಚಿನ್‌ಸ್ಕಿ 2007ರಲ್ಲಿ ಪ್ರತ್ಯೇಕವಾಗಿ ಕಟ್ಟಿದ ವರ್ಲ್ಡ್‌ಕ್ವಾಂಟ್ ಮಾತ್ರ ಇಂದಿಗೂ ಮಿಲೆನಿಯಮ್ ಹಣವನ್ನೇ ನಿರ್ವಹಿಸುತ್ತದೆ. ಜನ ಸಿಗುವುದು ಕಷ್ಟವಾದಂತೆ ಹೊರಗಿನ ಸಂಸ್ಥೆಗಳಿಗೂ ಹಣ ಹಂಚುವುದು ಈಚೆಗೆ ಹೆಚ್ಚಿದೆ.

ಕಪ್ಪು ಚುಕ್ಕೆಯೂ ಇದೆ. ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ನಿಯಮ ತಪ್ಪಿಸಿ ಮೋಸದಿಂದ ಬೇಗ ಬೇಗ ಕೊಂಡು ಮಾರಿದ ಆರೋಪದ ಮೇಲೆ 2005ರಲ್ಲಿ ಅಮೆರಿಕದ ಷೇರು ನಿಯಂತ್ರಕರ ಜೊತೆ ಸುಮಾರು 18 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಸಾಮಾನ್ಯ ಉಳಿತಾಯಗಾರರ ಜೇಬಿಗೆ ಕೈಹಾಕಿದ ವ್ಯವಹಾರ ಅದು, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ.

ಭಾರತಕ್ಕೆ ನೇರವಾಗಿ ತಾಗಿದ ಪ್ರಕರಣ ಇನ್ನೂ ಹೊಸದು. 2024ರ ಏಪ್ರಿಲ್‌ನಲ್ಲಿ ಜೇನ್ ಸ್ಟ್ರೀಟ್ ಎಂಬ ಟ್ರೇಡಿಂಗ್ ಕಂಪನಿ, ತನ್ನಲ್ಲಿದ್ದ ಇಬ್ಬರು ಟ್ರೇಡರ್‌ಗಳು ಮಿಲೆನಿಯಮ್ ಸೇರಿ ಗುಟ್ಟಿನ ತಂತ್ರವೊಂದನ್ನು ಒಯ್ದರೆಂದು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತು. ಮಿಲೆನಿಯಮ್ ಮತ್ತು ಆ ಟ್ರೇಡರ್‌ಗಳು ಆರೋಪ ನಿರಾಕರಿಸಿದರು. ವಿಚಾರಣೆಯ ವೇಳೆ ಆ ತಂತ್ರ ಭಾರತದ ಆಪ್ಷನ್ಸ್ ಪೇಟೆಯದ್ದೆಂದೂ, 2023ರಲ್ಲಿ ಸುಮಾರು 100 ಕೋಟಿ ಡಾಲರ್ ತಂದಿತ್ತೆಂದೂ ಬಯಲಾಯಿತು. 2024ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ಆದರೆ ಆ ಸುದ್ದಿ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ ಕಿವಿ ನಿಮಿರಿಸಿತ್ತು. 2025ರ ಜುಲೈ 3ರ ಮಧ್ಯಂತರ ಆದೇಶದಲ್ಲಿ ಸೆಬಿ, ಎಕ್ಸ್‌ಪೈರಿ (ಆಪ್ಷನ್ಸ್ ಕರಾರಿನ ಅವಧಿ ಮುಗಿಯುವ) ದಿನಗಳಲ್ಲಿ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯನ್ನು ತಿರುಚಿದ ಆರೋಪ ಹೊರಿಸಿ ಜೇನ್ ಸ್ಟ್ರೀಟ್‌ನ ₹4,843.57 ಕೋಟಿ ಜಪ್ತಿಗೆ ಆದೇಶಿಸಿತು. ಜೇನ್ ಸ್ಟ್ರೀಟ್ ಆರೋಪ ಒಪ್ಪಿಲ್ಲ, ಮೇಲ್ಮನವಿ ಹೋಗಿದೆ. ಸೆಬಿಯ ಆ ಆದೇಶ ಮಿಲೆನಿಯಮ್ ವಿರುದ್ಧದ್ದಲ್ಲ. ಪಾಡ್ ಕಂಪನಿಗಳ ನಡುವಿನ ಜನರ ಸೆಳೆದಾಟ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇಷ್ಟು ಸಾಕು.

ಹಣ ಹಾಕುವ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇವೆ: ಆಗದು. ಇದು ಜನಸಾಮಾನ್ಯರಿಗೆ ಮಾರುವ ಫಂಡ್ ಅಲ್ಲ. ವಿದೇಶಕ್ಕೆ ಹಣ ಕಳಿಸುವ ಕುರಿತ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯ ಪ್ರಕಾರ ನಾವು ವರ್ಷಕ್ಕೆ ಹೊರಗೆ ಕಳಿಸಬಹುದಾದದ್ದೇ ತಲಾ 2.5 ಲಕ್ಷ ಡಾಲರ್. ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಇಂಥ ಕಂಪನಿಗಳ ಹೆಸರು ಹೇಳಿ ಹಣ ಕೇಳುವವರು ಬಂದರೆ ಅದು ವಂಚನೆಯೇ, ಎರಡನೇ ಯೋಚನೆ ಬೇಡ. ಕೊಂಡು ಶಾರ್ಟ್ ಮಾಡುವ ಬಗೆಯ ಹೂಡಿಕೆ ನಮ್ಮಲ್ಲೇ ಬೇಕೆಂದರೆ ಮೂರನೇ ವರ್ಗದ ಎಐಎಫ್‌ಗಳಿವೆ (ಆಲ್ಟರ್ನೇಟಿವ್ ಇನ್ವೆಸ್ಟ್‌ಮೆಂಟ್ ಫಂಡ್). ಕನಿಷ್ಠ ₹1 ಕೋಟಿ, ಸಾಲದ ಮಿತಿ ಎರಡು ಪಟ್ಟು. 2025ರ ಏಪ್ರಿಲ್‌ನಿಂದ ಸೆಬಿ ಎಸ್‌ಐಎಫ್ (ಸ್ಪೆಷಲೈಸ್ಡ್ ಇನ್ವೆಸ್ಟ್‌ಮೆಂಟ್ ಫಂಡ್) ಎಂಬ ಹೊಸ ವರ್ಗ ತೆರೆದಿದೆ. ಕನಿಷ್ಠ ₹10 ಲಕ್ಷ, ರಕ್ಷಣೆಯಿಲ್ಲದ ಶಾರ್ಟ್ ಶೇ 25ರವರೆಗೆ ಮಾತ್ರ. ಇವಿನ್ನೂ ಎಳೆಯವು. ನಿವೃತ್ತಿಯ ಗಂಟಿನ ಮೇಲೆ ಬದುಕುವವರು ಇದರಿಂದ ದೂರ ಇರುವುದೇ ಮೇಲು.

ಇನ್ನು ಮಗಳ ಆಫರ್. ಮೊದಲು ಕೇಳಬೇಕಾದದ್ದು, ಕೆಲಸ ಕಂಪನಿಯ ಸಾಮಾನ್ಯ ವಿಭಾಗದಲ್ಲೋ, ಒಂದು ಪಾಡ್‌ನೊಳಗೋ ಎಂಬುದು. ರಿಸ್ಕ್, ಡೇಟಾ, ಟ್ರೇಡಿಂಗ್ ವ್ಯವಸ್ಥೆಗಳನ್ನು ನೋಡಿಕೊಳ್ಳುವ ತಂಡಗಳು ಪಾಡ್‌ಗಳು ಬಂದು ಹೋದರೂ ಉಳಿಯುತ್ತವೆ. ಅಲ್ಲಿ ನೌಕರಿ ಸಾಕಷ್ಟು ಗಟ್ಟಿ. ಪಾಡ್‌ನಲ್ಲಾದರೆ ಬೋನಸ್ ಮ್ಯಾನೇಜರ್‌ನ ಲಾಭದಿಂದ ಬರುತ್ತದೆ, ಚೆನ್ನಾಗಿ ನಡೆದ ವರ್ಷ ಕೈತುಂಬ ಸಿಗುತ್ತದೆ, ಶೇ 7.5ರ ಮಿತಿ ಮುಟ್ಟಿದ ದಿನ ಬೆಂಗಳೂರಿನ ಮೇಜೂ ಖಾಲಿಯಾಗುತ್ತದೆ. ಹಾಗಾದರೆ ಆ ಪಾಡ್ ಎಷ್ಟು ವರ್ಷದಿಂದ ಇದೆ, ಅದು ಮುಚ್ಚಿದರೆ ಬೇರೆ ತಂಡಕ್ಕೆ ಸೇರಿಸಿಕೊಳ್ಳುವ ರೂಢಿ ಇದೆಯೇ ಎಂದು ಎಚ್‌ಆರ್ ಅವರನ್ನು ಧೈರ್ಯವಾಗಿ ಕೇಳಲಿ. ಈ ಉದ್ಯಮದಲ್ಲಿ ಇದು ಮಾಮೂಲಿ ಪ್ರಶ್ನೆ, ಯಾರೂ ತಪ್ಪು ತಿಳಿಯುವುದಿಲ್ಲ. ಬೋನಸ್‌ನಲ್ಲಿ ಎಷ್ಟು ಭಾಗ ತಡೆದಿಟ್ಟು ಮುಂದಿನ ವರ್ಷಗಳಲ್ಲಿ ಕೊಡುತ್ತಾರೆ, ಮಧ್ಯೆ ಬಿಟ್ಟರೆ ಅದು ಹೋಗುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಲಿ. ನೋಟಿಸ್ ಅವಧಿ ಎಷ್ಟು, ಆ ಅವಧಿಯಲ್ಲಿ ಪೂರ್ತಿ ಸಂಬಳ ಇದೆಯೇ ಎಂಬುದನ್ನೂ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತು ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಡಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದರೆ ಗೋಪ್ಯತೆಯ ಷರತ್ತು ನಿಲ್ಲುತ್ತದೆ. ಕೋಡ್, ಡೇಟಾ ಫೈಲು, ಮಾದರಿಗಳ ಟಿಪ್ಪಣಿ ಯಾವುದನ್ನೂ ಸ್ವಂತ ಲ್ಯಾಪ್‌ಟಾಪಿಗಾಗಲೀ ಮೇಲ್‌ಗಾಗಲೀ ಕಳಿಸಿಕೊಳ್ಳಬಾರದು, ಮನೆಯಲ್ಲಿ ಕೂತು ಕೆಲಸ ಮುಗಿಸಲಿಕ್ಕೆಂದಾದರೂ ಸರಿಯೇ. ಮನೆಯವರು ಷೇರು ಕೊಳ್ಳುವುದಕ್ಕೂ ಇಂಥ ಕಂಪನಿಗಳು ಮುಂಚಿತ ಅನುಮತಿ ಕೇಳುವುದುಂಟು. ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಆ ನಿಯಮದೊಳಗೆ ಬರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಅವಳು ಅಲ್ಲಿನ ಕಂಪ್ಲೈಯನ್ಸ್ (ನಿಯಮ ಪಾಲನೆ ನೋಡಿಕೊಳ್ಳುವ) ವಿಭಾಗದಲ್ಲಿ ಕೇಳಿ ತಿಳಿದುಕೊಳ್ಳಲಿ.